ಐದು ಮೀಟರಿನ ಚೌಕದಲ್ಲಿ ಒಂದು ಸೀಮೆ

ಸಂತೆಮರಹಳ್ಳಿಯಲ್ಲಿ ಬಸ್ಸಿಳಿದು ಮೂಡಲಕ್ಕೆ ತಿರುಗಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು. ನಡುವಿನ ಬಯಲಲ್ಲಿ ಭತ್ತ, ಕಬ್ಬು, ಬಾಳೆ, ಅರಿಶಿನ, ಹಿಪ್ಪುನೇರಳೆ; ನಾಲೆ ನೀರು ಹತ್ತದ ಕಡೆ ರಾಗಿ, ಹುರುಳಿ. ಇಷ್ಟು ದೊಡ್ಡ ಬಯಲು ಈ ವರ್ಷ ಎಷ್ಟು ಕಾಳು ಕೊಟ್ಟಿತು ಎಂಬುದು ಸರ್ಕಾರಕ್ಕೆ ಗೊತ್ತಾಗುವುದಾದರೂ ಹೇಗೆ? ತಕ್ಕಡಿ ಹೊತ್ತು ಪ್ರತಿ ಕಣಕ್ಕೂ ಹೋಗುವವರಿಲ್ಲ. ಅದನ್ನು ಕಣ್ಣಾರೆ ಕಾಣಬೇಕೆಂದೇ ಭತ್ತದ ಕೊಯ್ಲಿನಲ್ಲಿ ಬೆಳೆ ಕಟಾವು ಪ್ರಯೋಗದ ತಂಡದ ಹಿಂದೆ ಬದುವಿನ ಮೇಲೆ ನಡೆದೆ.

ತಂಡದಲ್ಲಿದ್ದವರು ಗ್ರಾಮ ಆಡಳಿತಾಧಿಕಾರಿಯಾದ ಒಬ್ಬ ಯುವತಿ, ಒಬ್ಬ ಸಹಾಯಕ, ಕುಡುಗೋಲು ಹಿಡಿದ ಇಬ್ಬರು ಹೆಂಗಸರು. ಟೇಪು, ಹಗ್ಗ, ನಾಲ್ಕು ಗೂಟ, ತಕ್ಕಡಿ, ಮೊಬೈಲು: ಸರಂಜಾಮು ಅಷ್ಟೇ. ಯಾವ ಸರ್ವೆ ನಂಬರಿನ ಗದ್ದೆ ಎಂಬುದು ಚೀಟಿ ಎತ್ತಿದ ಹಾಗೆ ಮೊದಲೇ ತೀರ್ಮಾನವಾಗಿರುತ್ತದೆ. ಗದ್ದೆಯ ನೈಋತ್ಯ ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಡ್ಡಕ್ಕೆ ಎಷ್ಟು ಹೆಜ್ಜೆ ಎಂಬುದೂ ಹಾಗೆಯೇ ಬಂದ ಸಂಖ್ಯೆ. ಹೆಜ್ಜೆ ನಿಂತ ಕಡೆ ಮೊದಲ ಗೂಟ.

ಗೂಟ ಬಿದ್ದ ಜಾಗದಲ್ಲಿ ಪೈರು ಬಡಕಲಾಗಿತ್ತು. ಗದ್ದೆಯ ಯಜಮಾನರಿಗೆ ತಡೆಯಲಿಲ್ಲ. "ಇಲ್ಲಿ ಬ್ಯಾಡ ಕನವ್ವ, ಅತ್ತ ನೋಡು, ತೆನೆ ಹೆಂಗ್ ತೂಗ್ತಾ ಅದ!" ಎಂದರು.

"ಆಗಲ್ಲ ಯಜಮಾನ್ರೇ, ನಂಬರ್ ಎಲ್ಲಿಗೆ ಬಂತೋ ಅಲ್ಲೇ ಹಾಕಬೇಕು."

ಇದೇ ತೂಕ ಬೆಳೆ ವಿಮೆಯ ಲೆಕ್ಕಕ್ಕೂ ಹೋಗುತ್ತದೆ; ಅಲ್ಲಿ ಇಳುವರಿ ಕಮ್ಮಿ ಕಂಡಷ್ಟೂ ಪರಿಹಾರ ಹತ್ತಿರ. ಆದರೂ ಆ ಹಿರಿಯರು ತಮ್ಮ ಒಳ್ಳೆಯ ಪೈರನ್ನೇ ಲೆಕ್ಕಕ್ಕೆ ಕೊಡಲು ಚಡಪಡಿಸಿದರು. ದುಡ್ಡಿಗಿಂತ ಬೆಳೆಯ ಮಾನ ದೊಡ್ಡದೆಂದು ಬಗೆದ ಆ ಮನಸ್ಸಿಗೆ ನಾನು ಬೆರಗಾದೆ.

ಐದು ಮೀಟರು ಉದ್ದ, ಐದು ಮೀಟರು ಅಗಲ. ಮೂಲೆಯಿಂದ ಮೂಲೆಗೆ 7.07 ಮೀಟರು ಬಂದರೆ ಚೌಕ ನೆಟ್ಟಗಿದೆ ಎಂದರ್ಥ. ಬುಡ ಹಗ್ಗದ ಒಳಗಿರುವ ಪೈರನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗಬೇಕು. ಒಂದು ಹೆಕ್ಟೇರಿನಲ್ಲಿ ಇಂಥ 400 ಚೌಕಗಳು. ಇಲ್ಲಿ 12 ಕಿಲೋ ಬಂದರೆ ಹೆಕ್ಟೇರಿಗೆ 48 ಕ್ವಿಂಟಲ್. ಅದು ಹಸಿ ತೂಕ, ಒಣಗಿದ ತೂಕಕ್ಕೆ ಬೇರೆ ಲೆಕ್ಕ. ಇಲ್ಲಿ ನೂರು ಗ್ರಾಂ ಚೆಲ್ಲಿಹೋದರೆ ಕಾಗದದ ಮೇಲೆ ಹೆಕ್ಟೇರಿಗೆ 40 ಕಿಲೋ ಮಾಯ! ಇದನ್ನು ಕೇಳಿದ ಮೇಲೆ, ಆ ಹೆಂಗಸರು ಬಗ್ಗಿ ಉದುರು ಕಾಳನ್ನು ಒಂದೊಂದೇ ಆಯುವುದನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಪಂಚಾಯ್ತಿಯೇ ವಿಮೆಯ ಘಟಕವಾದರೆ ನಾಲ್ಕು ಚೌಕಗಳು ಇಡೀ ಪಂಚಾಯ್ತಿಯ ಪರವಾಗಿ ಮಾತಾಡುತ್ತವೆ.

ಇಳುವರಿಯ ಲೆಕ್ಕ ಈ ಸೀಮೆಗೆ ಹೊಸದಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮೈಸೂರು ಸೀಮೆ ಸುತ್ತಿ, ರೈತರನ್ನು ಕೇಳಿ ಕೇಳಿ ಬಿತ್ತನೆ, ಇಳುವರಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಕೇಳಿ ಬರೆಯುವುದರಿಂದ ಕೊಯ್ದು ತೂಗುವುದಕ್ಕೆ ದಾರಿ ಗಟ್ಟಿಯಾದದ್ದು 1940ರ ದಶಕದಲ್ಲಿ, ಸಂಖ್ಯಾಶಾಸ್ತ್ರಜ್ಞರಾದ ಪಿ.ವಿ. ಸುಖಾತ್ಮೆ ಮತ್ತು ವಿ.ಜಿ. ಪಾನ್ಸೆ ಅವರ ದುಡಿಮೆಯಿಂದ. ಸುಖಾತ್ಮೆಯವರು ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಸಾಂಖ್ಯಿಕ ವಿಭಾಗದ ಮುಖ್ಯಸ್ಥರಾದರು. ಕಟಾವಿನ ಚೌಕ ಆಫ್ರಿಕಾದ ಹೊಲಗಳಿಗೂ ಹೋಯಿತು. 1980ರ ದಶಕದಲ್ಲಿ ಜಿಂಬಾಬ್ವೆ ಸೇರಿ ಐದು ಆಫ್ರಿಕನ್ ದೇಶಗಳಲ್ಲಿ ಹೊಲದ ಪೂರ್ತಿ ಫಸಲನ್ನೇ ತೂಗಿ ತಾಳೆ ನೋಡಿದಾಗ, ಚೌಕದ ಲೆಕ್ಕ ಹೆಚ್ಚಾಗಿ ತೋರಿತ್ತು. ರೈತರು ಬಾಯಲ್ಲಿ ಹೇಳಿದ ಅಂದಾಜೇ ನಿಜಕ್ಕೆ ಹತ್ತಿರವಿತ್ತು! ಚೌಕದ ಶಿಸ್ತಿಗೆ ಬೆಲೆಯಿದೆ, ಉಳುವವರ ಕಣ್ಣಿಗೂ ಅಷ್ಟೇ ಬೆಲೆಯಿದೆ.

ಗದ್ದೆಯದಾಯಿತು, ನೀರಿನ ಫಸಲಿನ ಲೆಕ್ಕ ಹೇಗೆ ಎಂದು ಮಧ್ಯಾಹ್ನ ಕೆರೆ ಏರಿಯ ಮೇಲೆ ಬಲೆ ಕೊಡವುತ್ತಿದ್ದವರ ಹತ್ತಿರ ಕೂತೆ. ಮೀನುಗಾರರ ಸೊಸೈಟಿ ಕೆರೆಗೆ ಬಿಟ್ಟ ಕಾಟ್ಲ, ರೋಹು ಮೀನು ತೂಕಕ್ಕೆ ಸಿಗುತ್ತವೆ. ಹುಡುಗರು ಗಾಳಕ್ಕೆ ಹಿಡಿದದ್ದು, ಹೆಂಗಸರು ಕಾಲುವೆಯಲ್ಲಿ ಸೋಸಿ ಸಾರಿಗೆ ಹಾಕಿದ್ದು ಯಾವ ಪುಸ್ತಕಕ್ಕೂ ಏರುವುದಿಲ್ಲ. ದೂರದ ಮಲಾವಿ ಸರೋವರದಲ್ಲೂ ಕೆಲವು ದಡ, ಕೆಲವು ದಿನ ಆರಿಸಿ, ದೋಣಿಗಾಗಿ ಕಾದು ಮೀನು ತೂಗುತ್ತಾರೆ. ನೀರಿನಲ್ಲಿ ಗೂಟ ನೆಡಲಾಗದು; ಕಾಯುವ ತಾಳ್ಮೆಯೇ ಅಲ್ಲಿ ಅಳತೆ.

ಒಂದರ ಬೆಲೆ ಏನೆಂದು ಸಂತೆಮರಹಳ್ಳಿಗೆ ಯಾರೂ ಕಲಿಸಬೇಕಾಗಿಲ್ಲ. 2004ರ ವಿಧಾನಸಭೆ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಇದೇ ಹೆಸರಿನ ಆಗಿನ ಕ್ಷೇತ್ರದಿಂದ: ಅವರಿಗೆ 40,752 ಮತ, ಎದುರಾಳಿಗೆ 40,751. ಒಂದು ಮತ ಎಣಿಕೆಗೆ ತಪ್ಪಿದ್ದರೆ ಕಥೆಯೇ ಬೇರೆ. ಒಂದು ಹಿಡಿ ಕಾಳೂ ಹಾಗೆಯೇ. ಲೆಕ್ಕ ತಪ್ಪಿದರೆ ಒಂದು ಪಂಚಾಯ್ತಿಯ ಬರಗಾಲ ಕಾಗದದ ಮೇಲೆ ಸುಗ್ಗಿಯಾಗಿಬಿಡಬಹುದು. ಅದಕ್ಕೇ ಓದುವವರಲ್ಲಿ ನನ್ನದೊಂದು ಕೋರಿಕೆ: ನಿಮ್ಮೂರ ಗದ್ದೆಗೂ ಆ ಹಗ್ಗ ಬಂದೀತು. ಬಂದ ದಿನ ಮನೆಯಲ್ಲಿ ಕೂರಬೇಡಿ. ಬದುವಿನ ಮೇಲೆ ನಿಂತು ಗೂಟ ನೋಡಿ, ತೂಕ ನೋಡಿ, ಬರೆದ ಸಂಖ್ಯೆಯನ್ನು ಗಟ್ಟಿಯಾಗಿ ಓದಿಸಿ. ಅದು ನಿಮ್ಮ ವರ್ಷದ ದುಡಿಮೆಯ ಲೆಕ್ಕ.