ಅಪ್ಪ ಇಳಿದ ಆಳ, ಮಗ ಓಡುವ ದೂರ

ಕೆ.ಜಿ.ಎಫ್.ನ ಗಣಿ ಕಾರ್ಮಿಕನಿಗೆ ಕೆಲಸದ ಜಾಗ ಮನೆಯಿಂದ ಕೂಗಳತೆಯಲ್ಲಿತ್ತು. ಆದರೆ ದಾರಿ ಕೆಳಮುಖ. ಚಾಂಪಿಯನ್ ರೀಫ್ ಗಣಿಯ ಆಳವೇ 3 ಕಿ.ಮೀ. ಮೀರಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಮಕ್ಕಳ ದಾರಿ ಅಡ್ಡಕ್ಕೆ ತಿರುಗಿತು. ಮಾರಿಕುಪ್ಪಂನಿಂದ ಬಂಗಾರಪೇಟೆಗೆ 16 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ ಇನ್ನೂ ಸುಮಾರು 70 ಕಿ.ಮೀ. 1894ರಲ್ಲಿ ಗಣಿಗಳಿಗೆಂದೇ ಹಾಕಿದ ಕಂಬಿ, ಈಗ ಗಣಿಯಿಲ್ಲದ ಊರಿನ ಜನರನ್ನು ದಿನವೂ ಹೊತ್ತೊಯ್ದು ಸಂಜೆಗೆ ವಾಪಸು ತಂದುಬಿಡುತ್ತದೆ.

ಈ ಪಯಣಕ್ಕೆ ಅದರದೇ ಕಾನೂನುಗಳುಂಟು. ಕಿಟಕಿಯಿಂದ ತೂರಿಸಿದ ಕರವಸ್ತ್ರ ಸೀಟಿನ ಮೇಲೆ ಬಿತ್ತೆಂದರೆ ಅದು ನೋಂದಣಿಯಾದ ಆಸ್ತಿಯಿದ್ದಂತೆ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ 'ಸ್ವಲ್ಪ ಜರುಗಿ' ಎನ್ನುವ ಹಕ್ಕಿದೆ. ಐದನೆಯವರಿಗೆ ಕೇವಲ ಆಸೆಯಿದೆ. ಎಕ್ಸ್‌ಪ್ರೆಸ್ ಗಾಡಿಗೆ ದಾರಿ ಬಿಡಲು ಪ್ಯಾಸೆಂಜರ್ ಗಾಡಿ ಟೇಕಲ್ಲಿನಲ್ಲಿ ನಿಂತರೆ ಕೈಗಡಿಯಾರ ನೋಡುವವರು ಹೊಸಬರು. ಇಸ್ಪೀಟು ಹಂಚುವವರು ಹಳಬರು. ಗಾಡಿ ತಟ್ಟನೆ ಹೊರಟಾಗ ಕಾಫಿ ಮಾತ್ರ ನಿಂತಲ್ಲೇ ಇರಲು ಹಟ ಹಿಡಿದು ಬಿಳಿ ಅಂಗಿಯ ಮೇಲೆ ಚೆಲ್ಲುತ್ತದೆ. ಜಡತ್ವದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಶಾಲೆಯಲ್ಲೂ ಇಲ್ಲ.

ನಿದ್ದೆಯದು ಬೇರೆಯೇ ಕಥೆ. ಕೋರಮಂಡಲ್‌ನಲ್ಲಿ ಇಳಿಯಬೇಕಾದವನು ತೂಕಡಿಸಿದರೆ ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಎಚ್ಚರಗೊಳ್ಳುತ್ತಾನೆ. ಅಲ್ಲಿಗೆ ಕಂಬಿಯೇ ಮುಗಿಯುವುದರಿಂದ ಹೆಚ್ಚು ನಷ್ಟವಿಲ್ಲ. ಆದರೆ ಜೋಲಾರಪೇಟೆ ಕಡೆಯ ಗಾಡಿ ಹತ್ತಿ ಬಂಗಾರಪೇಟೆಯಲ್ಲಿ ಕಣ್ಣು ಬಿಡದವನು ಕುಪ್ಪಂನಲ್ಲಿ ತೆಲುಗು ಕೇಳಿ ಬೆಚ್ಚಿ ಏಳಬೇಕಾಗುತ್ತದೆ!

ಸುಖಗಳೂ ಕಡಿಮೆಯಲ್ಲ. ಒಂದೇ ಹರಟೆ ತಮಿಳಿನಲ್ಲಿ ಹುಟ್ಟಿ, ಮಾಲೂರು ದಾಟುವಷ್ಟರಲ್ಲಿ ಕನ್ನಡವಾಗಿ, ತೆಲುಗಿನ ನಗೆಯಲ್ಲಿ ಮುಗಿಯುತ್ತದೆ. ಒಬ್ಬರ ಡಬ್ಬಿಯ ಚಿತ್ರಾನ್ನ ನಾಲ್ವರ ಬಾಯಿ ಸೇರುತ್ತದೆ. ಸಂಜೆ ಬಂಗಾರಪೇಟೆಯಲ್ಲಿ ಇಳಿದವರಿಗೆ ಪಾನಿಪೂರಿ ಕಾದಿರುತ್ತದೆ. ಅದರ ನೀರು ತಿಳಿಯಾದ ಕೊಳದಂತೆ ಕಾಣುತ್ತದೆ. ಬಾಯಿಗಿಟ್ಟ ಮೇಲೆ ಕಣ್ಣಲ್ಲೂ ಅಷ್ಟೇ ತಿಳಿನೀರು.

ಇದಕ್ಕಿಂತ ನಿಧಾನದ ಪಯಣವನ್ನೂ ಈ ಸೀಮೆ ಕಂಡಿದೆ. 1913ರಲ್ಲಿ ಬಂಗಾರಪೇಟೆಯಿಂದ, ಅಂದರೆ ಅಂದಿನ ಬೌರಿಂಗ್‌ಪೇಟೆಯಿಂದ, ಕೋಲಾರಕ್ಕೆ ನ್ಯಾರೋಗೇಜ್ ಗಾಡಿ ಶುರುವಾಯಿತು. ಕಂಬಿಗಳ ನಡುವೆ 762 ಮಿ.ಮೀ. ಅಂತರ, ಬ್ರಾಡ್‌ಗೇಜಿನ 1676 ಮಿ.ಮೀ.ಗೆ ಹೋಲಿಸಿದರೆ ಅರ್ಧಕ್ಕೂ ಕಡಿಮೆ. ಕಿರಿದಾದ ಕಂಬಿ ಬಿಗಿಯಾದ ತಿರುವಿನಲ್ಲಿ ಸುಲಭವಾಗಿ ಹೊರಳುತ್ತದೆ, ಖರ್ಚೂ ಕಡಿಮೆ. ಆದರೆ ವೇಗ ಮತ್ತು ಹೊರೆ ಎರಡಕ್ಕೂ ಮಿತಿಯಿದೆ. ಕಂಬಿ ಅಗಲವಾದ ಮೇಲೆ ಅದೇ ದಾರಿಯಲ್ಲಿ ಬಸ್ಸಿನಂಥ ಪುಟ್ಟ ರೈಲುಬಸ್ಸು ಓಡಿತು. ಈಗ ಅದೂ ನೆನಪು.

ಇಷ್ಟೆಲ್ಲ ತಮಾಷೆಯ ನಡುವೆ ಒಂದು ಲೆಕ್ಕವನ್ನು ಮರೆಯಬಾರದು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಎಂದು ಕಡಿಮೆಯಲ್ಲೇ ಹಿಡಿದರೂ 25 ದಿನಕ್ಕೆ ನೂರು ಗಂಟೆ. ತಿಂಗಳಲ್ಲಿ ನಾಲ್ಕು ಹಗಲು, ನಾಲ್ಕು ರಾತ್ರಿ ರೈಲಿಗೇ ಸಂದಾಯ. ಬೆಂಗಳೂರಿನ ಕಾಲೇಜಿಗೆ ಮಗುವನ್ನು ಸೇರಿಸುವ ತಂದೆತಾಯಿ ಫೀಸನ್ನು ಎಣಿಸುತ್ತಾರೆ, ಪಾಸಿನ ದುಡ್ಡನ್ನು ಎಣಿಸುತ್ತಾರೆ. ಈ ಗಂಟೆಗಳನ್ನು ಎಣಿಸುವವರು ವಿರಳ. ರಾತ್ರಿ ಮನೆ ಸೇರಿದ ಮಗು ಪುಸ್ತಕದ ಮೇಲೆಯೇ ತಲೆಯಿಟ್ಟು ಮಲಗಿದರೆ ಅದು ಸೋಮಾರಿತನವಲ್ಲ, 170 ಕಿ.ಮೀ.ಗಳ ದಣಿವು. ಗಣಿಯಿಂದ ಮೇಲೆ ಬಂದ ಅಪ್ಪನ ಆಯಾಸ ಮನೆಮಂದಿಗೆಲ್ಲ ತಿಳಿಯುತ್ತಿತ್ತು. ಮಕ್ಕಳ ಆಯಾಸಕ್ಕೆ ಮೈಮೇಲೆ ಧೂಳಿಲ್ಲ, ಹಾಗಾಗಿ ಅದು ಕಾಣುವುದಿಲ್ಲ.

ಆದರೂ ಕೈಕಂಬಿ ಹಿಡಿದು, ಒಂಟಿ ಕಾಲಿನಲ್ಲಿ ನಿಂತು, ನಾಳಿನ ಪಾಠ ಓದುವ ಹುಡುಗಿಯರು ಆ ಗಾಡಿಯಲ್ಲಿ ದಿನವೂ ಸಿಗುತ್ತಾರೆ. ಅಂಥವರನ್ನು ಕಂಡಾಗ ನಾಲ್ಕನೆಯವರು ಎದ್ದು ಜಾಗ ಕೊಟ್ಟರೆ, ಅದೂ ಒಂದು ವಿದ್ಯಾದಾನವೇ.