ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ?

ಅಂಕಪಟ್ಟಿ ಓದುವುದರಲ್ಲಿ ನಮ್ಮ ಗುರುವಾಯನಕೆರೆಯವರು ಪಳಗಿದ ಕೈ. ಊರಲ್ಲಿ ಕಾಲೇಜು, ಹಾಸ್ಟೆಲು ಬೆಳೆದ ಮೇಲಂತೂ ಫಲಿತಾಂಶದ ದಿನ ಹೋಟೆಲಿನ ಮೇಜಿನಲ್ಲೂ ಫಿಸಿಕ್ಸಿಗೆ ಎಷ್ಟು, ಗಣಿತಕ್ಕೆ ಎಷ್ಟು ಎಂಬುದೇ ಮಾತು. ಒಂದು ವಿಷಯದಲ್ಲಿ ಕಡಿಮೆ ಬಂತೋ, ಪರಿಹಾರವೂ ಸಿದ್ಧ: ಟ್ಯೂಷನ್ ಹೆಚ್ಚಿಸಿ. ರಕ್ತಪರೀಕ್ಷೆಯ ವರದಿಯನ್ನೂ ನಾವು ಹಾಗೆಯೇ ಓದುತ್ತೇವೆ. ದಪ್ಪ ಅಕ್ಷರದಲ್ಲಿ ಅಚ್ಚಾದ ಸಂಖ್ಯೆ ಕಂಡರೆ ಅದು ಫೇಲು, ಮದ್ದು ಹೆಚ್ಚಿಸಿ. ಥೈರಾಯ್ಡ್ ವರದಿಯ ಮಟ್ಟಿಗೆ ಈ ಲೆಕ್ಕ ಎಷ್ಟು ಅಪಾಯದ್ದು ಎಂಬುದು ನಮ್ಮ ಮನೆಯಲ್ಲೇ ತಿಳಿಯಿತು.

ನ್ಯೂಜೆರ್ಸಿಯಲ್ಲಿರುವ ನನ್ನ ಅತ್ತಿಗೆ ನಾಲ್ಕು ತಿಂಗಳು ಇದ್ದು ಹೋಗಲು ಬಂದಿದ್ದರು. ಪ್ರಾಯ ಅರವತ್ತೆರಡು. ಥೈರಾಯ್ಡ್ ಕಡಿಮೆ ಎಂದು ಬಹಳ ವರ್ಷಗಳಿಂದ ಮಾತ್ರೆ ನುಂಗುವವರು. ಅದರಲ್ಲೇನೂ ವಿಶೇಷವಿಲ್ಲ, ನಮ್ಮಲ್ಲೂ ಮನೆಗೊಂದು ಎಲ್ಟ್ರಾಕ್ಸಿನ್ ಅಥವಾ ಥೈರೋನಾರ್ಮ್ ಡಬ್ಬಿ ಇದ್ದೇ ಇದೆ. ಆದರೆ ಅತ್ತಿಗೆಯದು ಬೇರೆ ಜಾತಿಯ ಮಾತ್ರೆ. ಹಂದಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ, ಪುಡಿ ಮಾಡಿ ತಯಾರಿಸಿದ್ದು. ಇದು ಗೊತ್ತಾದಾಗ ನಮ್ಮ ಸಸ್ಯಾಹಾರಿ ಅಡುಗೆಮನೆಯಲ್ಲಿ ಒಂದು ಗಳಿಗೆ ಮೌನ. ಕೊನೆಗೆ ಅಮ್ಮನೇ, "ಮದ್ದಿಗೆಂಥ ಮಡಿ?" ಎಂದು ಪ್ರಕರಣ ಮುಗಿಸಿದರು.

ವಿಚಿತ್ರವೆನಿಸಿದರೂ ಇದು ಹಳೆಯ ಮದ್ದು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ, ಥೈರಾಯ್ಡ್ ಬತ್ತಿ ಊದಿಕೊಂಡಿದ್ದ ಮಹಿಳೆಯೊಬ್ಬರಿಗೆ ಕುರಿಯ ಗ್ರಂಥಿಯ ರಸವನ್ನು ಚುಚ್ಚಿ ಬದುಕಿಸಿದರು. ಆಕೆ ಮತ್ತೆ 28 ವರ್ಷ ಬಾಳಿದರು. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಪ್ರಯೋಗಾಲಯದಲ್ಲೇ ಥೈರಾಕ್ಸಿನ್ ತಯಾರಿಸಿದರು. ಮುಂದೆ ಆ ಕೃತಕ ಮಾತ್ರೆಯೇ ಎಲ್ಲೆಡೆ ಬಳಕೆಗೆ ಬಂತು. ಆದರೂ ಅಮೆರಿಕದಲ್ಲಿ ಹಳೆಯದನ್ನು ಬಿಡದವರು ಅನೇಕರಿದ್ದಾರೆ.

ಬೆಳ್ತಂಗಡಿಯಲ್ಲಿ ಅತ್ತಿಗೆಯ ರಕ್ತ ಕೊಟ್ಟು ಬಂದೆವು. ಸಂಜೆ ವರದಿ ಬಂತು. ಟಿ.ಎಸ್.ಎಚ್. 2.1, ಇರಬೇಕಾದಷ್ಟೇ. ಫ್ರೀ ಟಿ4 ಮಾತ್ರ 0.7, ಕನಿಷ್ಠ 0.8 ಇರಬೇಕಂತೆ, ಹಾಗಾಗಿ ದಪ್ಪ ಅಕ್ಷರ. ಟಿ3 192, ಅಂದರೆ 200ರ ಗಡಿಯ ಹತ್ತಿರ. ಬೆಂಗಳೂರಿನ ಬಂಧುವೊಬ್ಬರು ಫೋನಿನಲ್ಲೇ ತೀರ್ಪು ಕೊಟ್ಟರು: "ಟಿ4 ಕಡಿಮೆ ಉಂಟಲ್ಲ, ನಾಳೆಯಿಂದ ಇನ್ನೊಂದು ಅರ್ಧ ಮಾತ್ರೆ ಸೇರಿಸಲಿ." ಅತ್ತಿಗೆಯೂ ತಲೆಯಾಡಿಸಿದರು. ಎರಡನೇ ಪಿಯುಸಿಯಲ್ಲಿದ್ದ ಮಗಳು ಮಾತ್ರ ಜೀವಶಾಸ್ತ್ರದ ಪುಸ್ತಕ ಹಿಡಿದು ಬಂದಳು. "ಅಪ್ಪಾ, ಟಿ4 ನಿಜವಾಗಿಯೂ ಸಾಲದಿದ್ದರೆ ಟಿ.ಎಸ್.ಎಚ್. ಏರಬೇಕಿತ್ತಲ್ಲ? ದೊಡ್ಡಮ್ಮನದ್ದು ಏರಲೇ ಇಲ್ಲ!"

ಮರುದಿನ ಮಂಗಳೂರಿನ ಹಾರ್ಮೋನ್ ತಜ್ಞರ ಬಳಿ ಹೋದೆವು. ಅವರು ವರದಿಯನ್ನು ಬದಿಗಿಟ್ಟು ಮೂರು ಪ್ರಶ್ನೆ ಕೇಳಿದರು. ಯಾವ ಮಾತ್ರೆ? ನಿನ್ನೆ ಎಷ್ಟು ಗಂಟೆಗೆ ನುಂಗಿದಿರಿ, ರಕ್ತ ಕೊಟ್ಟದ್ದು ಎಷ್ಟು ಗಂಟೆಗೆ? ಕೂದಲಿಗೆಂದು ಬಯೋಟಿನ್ ಏನಾದರೂ ತಿನ್ನುತ್ತೀರಾ? ಮಾತ್ರೆ ಆರಕ್ಕೆ, ರಕ್ತ ಒಂಬತ್ತಕ್ಕೆ, ಬಯೋಟಿನ್ ಇಲ್ಲ ಎಂದರು ಅತ್ತಿಗೆ. "ಹಾಗಾದರೆ ಇದು ಸರಿಯಾಗಿಯೇ ಇದೆ," ಎಂದು ಅವರು ನಕ್ಕರು.

ಅವರು ವಿವರಿಸಿದ್ದನ್ನು ನಮ್ಮ ಅಡಿಕೆ ತೋಟದ ಭಾಷೆಯಲ್ಲಿ ಹೇಳುತ್ತೇನೆ. ಟಿ4 ಎಂದರೆ ಟ್ಯಾಂಕಿಯಲ್ಲಿ ತುಂಬಿಟ್ಟ ನೀರು. ಟಿ3 ಎಂದರೆ ಗಿಡದ ಬುಡಕ್ಕೆ ಬಿದ್ದ ನೀರು. ಕೆಲಸ ಮಾಡುವುದು ಅದೇ. ದೇಹ ಟಿ4 ಅನ್ನು ಬೇಕಾದಷ್ಟು ಟಿ3 ಆಗಿ ಮಾರ್ಪಡಿಸಿಕೊಳ್ಳುತ್ತದೆ. ಟಿ.ಎಸ್.ಎಚ್. ನೀರೇ ಅಲ್ಲ, ಅದು ಯಜಮಾನರ ಕೂಗು. ತೋಟ ಒಣಗಿದರೆ ಮಿದುಳಿನ ಅಡಿಯ ಪಿಟ್ಯುಟರಿ ಗ್ರಂಥಿ "ಪಂಪು ಹಾಕಿ!" ಎಂದು ಜೋರಾಗಿ ಕೂಗುತ್ತದೆ, ನೀರು ಹೆಚ್ಚಾದರೆ ಬಾಯಿ ಮುಚ್ಚುತ್ತದೆ.

ನಮ್ಮಲ್ಲಿ ಸಿಗುವ ಮಾತ್ರೆಯಲ್ಲಿ ಇರುವುದು ಟಿ4 ಒಂದೇ, ಬರೀ ಟ್ಯಾಂಕಿಯ ನೀರು. ಹಂದಿಯ ಗ್ರಂಥಿಯ ಮಾತ್ರೆಯಲ್ಲಿ ಎರಡೂ ಇವೆ. ಅಮೆರಿಕದ 60 ಮಿಲಿಗ್ರಾಂ ಮಾತ್ರೆಯಲ್ಲಿ ಟಿ4 ಸುಮಾರು 38 ಮೈಕ್ರೋಗ್ರಾಂ, ಟಿ3 ಸುಮಾರು 9. ಅಂದರೆ ನಾಲ್ಕಕ್ಕೆ ಒಂದು. ಮನುಷ್ಯನ ಗ್ರಂಥಿ ಸುರಿಸುವುದು ಸುಮಾರು ಹದಿನಾಲ್ಕಕ್ಕೆ ಒಂದು. ಬುಡಕ್ಕೇ ನೇರ ಪೈಪು ಎಳೆದ ಮೇಲೆ ಟ್ಯಾಂಕಿಯಲ್ಲಿ ನೀರು ತುಸು ಕಡಿಮೆ ಇದ್ದರೂ ತೋಟ ಹಸಿರಾಗಿಯೇ ಇರುತ್ತದೆ, ಯಜಮಾನರು ಕೂಗುವುದಿಲ್ಲ. ಅತ್ತಿಗೆಯ ಟಿ4 ಕೆಳಗಿದ್ದದ್ದು ಇದಕ್ಕೇ. ಟಿ3 ಮೇಲಿದ್ದದ್ದಕ್ಕೂ ಕಾರಣವಿತ್ತು: ಮಾತ್ರೆ ನುಂಗಿದ ಎರಡರಿಂದ ನಾಲ್ಕು ಗಂಟೆಯೊಳಗೆ ರಕ್ತದಲ್ಲಿ ಟಿ3 ಉಕ್ಕಿ, ಆಮೇಲೆ ಇಳಿಯುತ್ತದೆ. ಅವರು ರಕ್ತ ಕೊಟ್ಟದ್ದು ಸರಿಯಾಗಿ ಆ ಉಬ್ಬರದ ಹೊತ್ತಿಗೆ.

ಐದು ದಿನ ಬಿಟ್ಟು, ಮಾತ್ರೆ ನುಂಗುವ ಮೊದಲೇ ಮತ್ತೆ ರಕ್ತ ಕೊಟ್ಟರು. ಟಿ3 118ಕ್ಕೆ ಇಳಿದಿತ್ತು. ಟಿ.ಎಸ್.ಎಚ್. ಇದ್ದಲ್ಲೇ ಇತ್ತು. ಮಾತ್ರೆಯ ಪ್ರಮಾಣ ಬದಲಾಗಲಿಲ್ಲ.

ಅರ್ಧ ಮಾತ್ರೆ ಸೇರಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅಂದೇ ಏನೂ ಆಗದೆ ಇರಬಹುದು. ಆದರೆ ಈ ಪ್ರಾಯದವರಿಗೆ ಥೈರಾಯ್ಡ್ ಹಾರ್ಮೋನ್ ಬಹುಕಾಲ ಹೆಚ್ಚಾದರೆ ಹೃದಯದ ಬಡಿತ ಲಯ ತಪ್ಪಬಹುದು, ಎಲುಬು ಸವೆಯಬಹುದು ಎಂದರು. ಲಯ ತಪ್ಪಿದ ಹೃದಯದಿಂದ ಪಾರ್ಶ್ವವಾಯುವಿನ ಭಯವೂ ಇದೆ. ಒಂದು ದಪ್ಪ ಅಕ್ಷರಕ್ಕೆ ತೆರುವ ಬೆಲೆಯಲ್ಲ ಅದು.

ಈ ಮಾತ್ರೆಯನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್.ಡಿ.ಎ., ತನ್ನ ಅನುಮೋದನೆಯಿಲ್ಲದ ಈ ಮಾತ್ರೆಗಳ ಮೇಲೆ ಕ್ರಮ ಕೈಗೊಳ್ಳುವ ಉದ್ದೇಶವಿದೆಯೆಂದು 2025ರ ಆಗಸ್ಟಿನಲ್ಲಿ ತಯಾರಕರಿಗೆ ಪತ್ರ ಬರೆದಿತ್ತು. ಗರ್ಭಿಣಿಯರಿಗಂತೂ ಇದು ಹೇಳಿದ್ದಲ್ಲ. ಹೊಟ್ಟೆಯ ಶಿಶುವಿನ ಮಿದುಳಿಗೆ ತಾಯಿಯ ಟಿ4 ಬೇಕು, ಆದ್ದರಿಂದ ವೈದ್ಯರು ಟಿ4 ಮಾತ್ರೆಯನ್ನೇ ಕೊಡುತ್ತಾರೆ.

ವಿದ್ಯಾರ್ಥಿಗಳಿಗೂ ಅಪ್ಪ ಅಮ್ಮಂದಿರಿಗೂ ಇದರಲ್ಲಿ ಒಂದು ಪಾಠವಿದೆ. 'ಸಾಮಾನ್ಯ ಮಿತಿ' ಪಾಸಿನ ಅಂಕವಲ್ಲ. ನೂರು ಮಂದಿ ಆರೋಗ್ಯವಂತರ ರಕ್ತ ನೋಡಿದರೆ ನಡುವಿನ ತೊಂಬತ್ತೈದು ಮಂದಿ ಎಲ್ಲಿ ನಿಲ್ಲುತ್ತಾರೋ ಅದೇ ಮಿತಿ. ಉಳಿದ ಐವರೂ ಆರೋಗ್ಯವಂತರೇ. ಹುಡುಗಿಯರು ಕೂದಲಿಗೆಂದು ತಿನ್ನುವ ಬಯೋಟಿನ್, ಕೆಲವು ಯಂತ್ರಗಳಲ್ಲಿ ಟಿ.ಎಸ್.ಎಚ್. ಅನ್ನು ಇಲ್ಲದಷ್ಟು ಕೆಳಗೆ, ಟಿ4 ಅನ್ನು ಇಲ್ಲದಷ್ಟು ಮೇಲೆ ತೋರಿಸುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ. ಪ್ರಮಾಣ ಬದಲಿಸಿದರೆ ಆರು ವಾರವಾದರೂ ಕಾಯದೆ ಮತ್ತೆ ಪರೀಕ್ಷಿಸಿ ಫಲವಿಲ್ಲ, ಏಕೆಂದರೆ ಟಿ.ಎಸ್.ಎಚ್. ನಿಧಾನದ ಪ್ರಾಣಿ.

ಅತ್ತಿಗೆ ಹೊರಡುವ ಮುನ್ನ ಮಗಳು ಅವರ ವರದಿಗಳನ್ನೆಲ್ಲ ಒಂದು ಫೈಲಿಗೆ ಸೇರಿಸಿದಳು. ಪ್ರತಿಯೊಂದರ ತಲೆಯ ಮೇಲೆ ನಾಲ್ಕು ಸಾಲು ಬರೆದಳು: ಮಾತ್ರೆಯ ಹೆಸರು, ಪ್ರಮಾಣ, ನುಂಗಿದ ಹೊತ್ತು, ರಕ್ತ ಕೊಟ್ಟ ಹೊತ್ತು. ಅಮೆರಿಕದ ಡಾಕ್ಟರಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಬರೆದಿದ್ದಾಳೆ. ಅಮ್ಮನ ಥೈರೋನಾರ್ಮ್ ವರದಿಗಳಿಗೂ ಈಗ ಅಂಥದೇ ಒಂದು ಫೈಲು ಆಗಿದೆ.