ಗಾಂಧಿಬಜಾರಿನಿಂದ ಗಾಳಿಕೆರೆಗೆ

ಬೆಟ್ಟ ಅಂದ ಕೂಡಲೇ ನಮ್ಮ ಚಿತ್ರರಸಿಕರಿಗೆ ಏನು ನೆನಪಾಗುತ್ತೆ ಹೇಳಿ? ಒಂದು ತುದಿಯಿಂದ ನಾಯಕ ಓಡಿ ಬರ್ತಾನೆ, ಇನ್ನೊಂದು ತುದಿಯಿಂದ ನಾಯಕಿ. ನಡುವೆ ಮಂಜು. ಪಲ್ಲವಿಗೆ ಒಂದು ಬೆಟ್ಟ, ಚರಣಕ್ಕೆ ಇನ್ನೊಂದು. ಯಾರ ಕಾಲೂ ನೋಯೋದಿಲ್ಲ, ಯಾರಿಗೂ ಬಾಯಾರೋದಿಲ್ಲ, ನಾಯಕಿಯ ಸೆರಗಿಗೆ ಒಂದು ಮುಳ್ಳೂ ಸಿಕ್ಕಿಕೊಳ್ಳೋದಿಲ್ಲ! ಕ್ಯಾಮೆರಾದ ಹಿಂದೆ ಜೀಪು, ಛತ್ರಿ, ಫ್ಲಾಸ್ಕಿನಲ್ಲಿ ಕಾಫಿ ಇರುತ್ತೆ ಅನ್ನೋದು ಟಿಕೆಟ್ ತಗೊಂಡವರಿಗೆ ಕಾಣಿಸೋದಿಲ್ಲ. 1978ರ ‘ಶಂಕರ್ ಗುರು’ವಿನಲ್ಲಿ ಅಣ್ಣಾವ್ರು ಕಾಶ್ಮೀರದಲ್ಲಿ ಓಡಾಡಿದ್ದನ್ನು ನೋಡಿ ಹಿಮಾಲಯದ ಹುಚ್ಚು ಹಿಡಿಸಿಕೊಂಡವರು ನಮ್ಮ ಅಪ್ಪಂದಿರ ಕಾಲದಲ್ಲೇ ಇದ್ದರು. ಈಗ ಆ ಹುಚ್ಚು ಮೊಬೈಲಿನಲ್ಲಿ ಬರುತ್ತೆ. ಮೂವತ್ತು ಸೆಕೆಂಡಿನ ರೀಲ್ಸು, ನೀಲಿ ಸರೋವರ, ಕೈ ಚಾಚಿ ನಿಂತ ಹುಡುಗ. ಅವನು ಅಲ್ಲಿಗೆ ಹೇಗೆ ಹೋದ, ಮುಖ್ಯವಾಗಿ ಹೇಗೆ ವಾಪಸ್ ಬಂದ, ಅದು ಅದರಲ್ಲಿ ಇರೋದಿಲ್ಲ.

ನಮ್ಮ ಬಸವನಗುಡಿಯ ನಾಲ್ವರ ಗುಂಪಿನಲ್ಲಿ ಒಬ್ಬ ಗೆಳೆಯನಿಗೂ ಇದೇ ಹುಚ್ಚು. ಅವನ ಕನಸು ಸಹಸ್ರತಾಲ್. ಉತ್ತರಾಖಂಡದಲ್ಲಿ, ಹದಿನಾಲ್ಕು ಸಾವಿರ ಅಡಿಗೂ ಮೇಲೆ, ಮರ ಬೆಳೆಯೋ ಎತ್ತರವನ್ನು ದಾಟಿದ ಮೇಲೆ ಸಿಗೋ ಸರೋವರಗಳು. ಕೊನೆಯ ಶಿಬಿರದಿಂದ ಬೆಳಗಿನ ಜಾವ ಹೊರಟು, ಸರೋವರ ನೋಡಿ, ಕತ್ತಲಾಗೋದ್ರೊಳಗೆ ಶಿಬಿರಕ್ಕೆ ವಾಪಸ್ಸಾಗಬೇಕು. ಇಡೀ ದಿನದ ನಡಿಗೆ.

“ಅಪ್ಪಾ, ಹದಿನೈದು ದಿನ ರಜ ಹಾಕ್ತೀನಿ” ಅಂದಿದ್ದಕ್ಕೆ ಅವನ ತಂದೆ ಏನೂ ಹೇಳಲಿಲ್ಲ. ಎದ್ದು ಹೋಗಿ ಹಳೇ ಪೇಪರಿನ ಕಟ್ಟಿನಿಂದ ಒಂದು ಹಾಳೆ ತೆಗೆದು ಟೇಬಲ್ ಮೇಲೆ ಇಟ್ಟರು. 2024ರ ಜೂನ್ ತಿಂಗಳ ಪೇಪರು. ಬೆಂಗಳೂರಿನ ಓದುಗರಿಗೆ ಆ ಸುದ್ದಿ ಮರೆತಿರಲಾರದು. ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡ ಸಹಸ್ರತಾಲ್ ನೋಡಿ ಇಳಿದು ಬರುತ್ತಿದ್ದಾಗ ಹಿಮಗಾಳಿಗೆ ಸಿಕ್ಕಿಬಿದ್ದಿತು. ದಾರಿ ಕಾಣದೆ ಬಯಲಿನಲ್ಲೇ ರಾತ್ರಿ ಕಳೆಯಬೇಕಾಯಿತು. ಒಂಬತ್ತು ಜನ ತೀರಿಹೋದರು, ಹದಿಮೂರು ಜನರನ್ನು ಪಾರು ಮಾಡಿದರು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೇ ಹೋಗಿ ನಿಲ್ಲಬೇಕಾಯಿತು. ಹೋಗಿದ್ದವರೇನು ಹುಡುಗುಬುದ್ಧಿಯವರಲ್ಲ ಸ್ವಾಮಿ, ಎಷ್ಟೋ ಬೆಟ್ಟ ಹತ್ತಿ ಇಳಿದು ಅನುಭವ ಇದ್ದವರೂ ಅದರಲ್ಲಿದ್ದರು.

ನಾವು ಮೂವರೂ ಅವನ ಪರ ವಕಾಲತ್ತಿಗೆ ಅಂತ ಮನೆಗೆ ಹೋದೆವು. “ಅಂಕಲ್, ನೀವು ಬೇಡ ಅಂದ್ರೆ ಅವನು ಹೇಳದೆ ಹೋಗ್ತಾನೆ” ಅಂದೆ.

“ಬೇಡ ಅಂತ ಎಲ್ಲಪ್ಪಾ ಅಂದೆ? ಮೊದಲು ನಮ್ಮ ನಾಡಿನಲ್ಲೇ ಒಂದು ಬೆಟ್ಟ, ಒಂದು ಕೆರೆ, ಒಂದೇ ದಿನ. ಹೊತ್ತಿಗೆ ಸರಿಯಾಗಿ ವಾಪಸ್ ತಿರುಗೋಕೆ ಬರುತ್ತಾ ನೋಡೋಣ. ಹತ್ತೋದು ಎಲ್ಲರಿಗೂ ಬರುತ್ತೆ” ಅಂತ ಹೇಳಿ ತಮ್ಮ ಎಚ್‌ಎಂಟಿ ಗಡಿಯಾರ ಬಿಚ್ಚಿ ಮಗನ ಕೈಗೆ ಕೊಟ್ಟರು. “ಮೊಬೈಲು ಚಾರ್ಜ್ ಇಲ್ಲ ಅಂತ ಕಥೆ ಹೇಳಬೇಡ. ಇದಕ್ಕೆ ಕೀಲಿ ಕೊಟ್ಟರೆ ಸಾಕು.”

ಹಾಗೆ ಹುಟ್ಟಿದ್ದು ಗಾಳಿಕೆರೆ ಪ್ಲ್ಯಾನು.

ಕರ್ನಾಟಕದಲ್ಲಿ ಹಿಮದ ಸರೋವರ ಎಲ್ಲಿಂದ ಬರಬೇಕು? ನಮ್ಮ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1930 ಮೀಟರ್. ಆದರೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ನೆತ್ತಿಯಲ್ಲಿ ಮರಗಳು ಕಣಿವೆಯ ಮಡಿಲಲ್ಲಿ ಶೋಲಾ ಕಾಡಾಗಿ ಉಳಿದು, ಮೇಲೆ ಬರೀ ಹುಲ್ಲುಗಾವಲು. ಅಂಥ ಕಡೆ, ಬಾಬಾಬುಡನ್‌ಗಿರಿಯಿಂದ ಸುಮಾರು ಮೂರು ಕಿಲೋಮೀಟರ್ ಆಚೆ ಒಂದು ಸಣ್ಣ ಕೆರೆ. ಹೆಸರಿಗೆ ತಕ್ಕ ಗಾಳಿ. ಬಾಬಾಬುಡನ್‌ಗಿರಿವರೆಗೆ ಬಸ್ಸಿನಲ್ಲಿ ಹೋಗಿ ನಡೆದುಬಂದರೆ ಅದೊಂದು ಪಿಕ್‌ನಿಕ್ಕು. ಅಂಕಲ್ ಅದಕ್ಕೆ ಒಪ್ಪೋರಲ್ಲ. ಹಾಗಾಗಿ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತೋದು, ಅಲ್ಲಿಂದ ಬೆಟ್ಟದ ಬೆನ್ನಿನ ಮೇಲೇ ಬಾಬಾಬುಡನ್‌ಗಿರಿ, ಆಮೇಲೆ ಗಾಳಿಕೆರೆ ಅಂತ ತೀರ್ಮಾನವಾಯಿತು. ಒಟ್ಟು ಇಪ್ಪತ್ತು ಕಿಲೋಮೀಟರ್ ಅಂತ ಹಿಡಿದೆವು.

ಲೆಕ್ಕ ನಡೆದಿದ್ದು ಗಾಂಧಿಬಜಾರಿನಲ್ಲಿ. 1943ರಿಂದ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನದಲ್ಲಿ ಕೂತು ಪ್ಲ್ಯಾನ್ ಮಾಡ್ತೀವಿ ಅಂದ್ರೆ ಆಗೋ ಮಾತಲ್ಲ. ತಟ್ಟೆ ಖಾಲಿಯಾಗೋದ್ರೊಳಗೆ ಮುಂದಿನವರು ಬೆನ್ನ ಹಿಂದೆ ನಿಂತಿರ್ತಾರೆ. ಹಾಗಾಗಿ ದೋಸೆ ಅಲ್ಲಿ, ಲೆಕ್ಕ ಬ್ಯೂಗಲ್ ರಾಕ್ ಬಂಡೆ ಮೇಲೆ. ಬ್ಯಾಂಕಿನ ಗೆಳೆಯ ಪೆನ್ನು ತೆಗೆದ. 1892ರಲ್ಲಿ ನೈಸ್ಮಿತ್ ಅನ್ನೋ ಸ್ಕಾಟ್‌ಲೆಂಡಿನ ಬೆಟ್ಟಗಾರ ಒಂದು ಸೂತ್ರ ಹಾಕಿಕೊಟ್ಟಿದ್ದಾನೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಇಪ್ಪತ್ತು ಕಿಲೋಮೀಟರಿಗೆ ನಾಲ್ಕು ಗಂಟೆ. ಏರೆಲ್ಲಾ ಸೇರಿ ಎಂಟುನೂರು ಮೀಟರ್ ಅಂದುಕೊಂಡರೆ ಇನ್ನೊಂದು ಗಂಟೆ ಇಪ್ಪತ್ತು ನಿಮಿಷ. ಐದು ಗಂಟೆ ಇಪ್ಪತ್ತು ನಿಮಿಷ ಆಯ್ತಲ್ಲ, ಆರಾಮು! ಅಂದ ಅವನು.

“ಲೋ, ಅದು ಸ್ಕಾಟ್‌ಲೆಂಡಿನವನ ಕಾಲು. ನಿನ್ನದು ಕೌಂಟರ್ ಹಿಂದೆ ಕೂರೋ ಕಾಲು” ಅಂದ ಪ್ರೆಸ್ಸಿನ ಗೆಳೆಯ. ಚೀಲದ ಭಾರ, ಊಟ, ಫೋಟೋ, ಮಂಜಿನಲ್ಲಿ ದಾರಿ ಹುಡುಕೋದು ಎಲ್ಲಾ ಸೇರಿಸಿ ಒಂಬತ್ತು ಗಂಟೆ ಅಂತ ಬರೆದೆವು. ಬೆಳಿಗ್ಗೆ ಆರೂವರೆಗೆ ಸರ್ಪದಾರಿಯಲ್ಲಿ ಹೆಜ್ಜೆ ಇಟ್ಟರೆ ಮೂರೂವರೆ. ಚಳಿಗಾಲದಲ್ಲಿ ಆರು ದಾಟುತ್ತಲೇ ಹೊತ್ತು ಮುಳುಗುತ್ತೆ. ಇದರಿಂದ ಬಂದಿದ್ದೇ ನಮ್ಮ ಕರಾರು: ಮಧ್ಯಾಹ್ನ ಎರಡೂವರೆಗೆ ಬಾಬಾಬುಡನ್‌ಗಿರಿ ಮುಟ್ಟದಿದ್ದರೆ ಕೆರೆ ಇಲ್ಲ. ಕೆರೆ ಎಷ್ಟೇ ಹತ್ತಿರ ಇರಲಿ, ಇಲ್ಲ ಅಂದರೆ ಇಲ್ಲ.

ತಾಲೀಮಿಗೆ ಆರು ವಾರ. ದಿನಾ ಬೆಳಿಗ್ಗೆ ದೊಡ್ಡಬಸವಣ್ಣನ ಗುಡಿಯಿಂದ ಲಾಲ್‌ಬಾಗ್ ಬಂಡೆಯವರೆಗೆ ಬೆನ್ನಿಗೆ ನೀರಿನ ಬಾಟಲು ಕಟ್ಟಿಕೊಂಡು ನಡಿಗೆ. ವಾಕಿಂಗಿಗೆ ಬಂದ ಹಿರಿಯರು “ಏನ್ರಪ್ಪಾ, ನೀರಿನ ವ್ಯಾಪಾರಾನಾ?” ಅಂತ ಕೇಳೋರು. ಎರಡು ಭಾನುವಾರ ಶಿವಗಂಗೆ. ಹೊಸ ಶೂಸು ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗೋದು ಮಾತ್ರ ಬೇಡವೇ ಬೇಡ. ಶಿವಗಂಗೆಯಲ್ಲೇ ಬೊಬ್ಬೆ ಎದ್ದು ಗಟ್ಟಿಯಾಗಿಬಿಡಲಿ.

ಚೀಲದ ಬಗ್ಗೆ ಹೆಚ್ಚು ಹೇಳೋದಿಲ್ಲ. ತಲೆಗೆ ಮೂರು ಲೀಟರ್ ನೀರು, ಏಕೆಂದರೆ ಬೆಟ್ಟದ ಬೆನ್ನಿನ ಮೇಲೆ ನೀರು ನಂಬೋ ಹಾಗಿಲ್ಲ. ಚಪಾತಿ ಚಟ್ನಿಪುಡಿ, ಬೆಲ್ಲ, ಹುರಿದ ಕಡಲೆಕಾಯಿ (ಕಾರ್ತಿಕದ ಪರಿಷೆ ಆದಮೇಲೆ ಹೋದರೆ ನಮ್ಮ ರಸ್ತೆಯಲ್ಲೇ ರಾಶಿ ಬಿದ್ದಿರುತ್ತೆ), ಉಪ್ಪು, ನಿಂಬೆಹಣ್ಣು. ಉಪ್ಪು ಜಿಗಣೆಗೂ ಆಗುತ್ತೆ. ಬ್ಯಾಟರಿ, ಮಳೆಕೋಟು, ಒಣಗಿದ ಒಂದು ಬನಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಈ ಬನಿಯನ್ನು ಹೊರೆ ಅಂತ ಬಿಟ್ಟುಹೋಗಬೇಡಿ. ಒದ್ದೆ ಮೈಗೆ ಗಾಳಿ ಬಡಿದರೆ ಹಿಮವೇ ಬೇಕಿಲ್ಲ, ನಡುಕ ಹಿಡಿಯುತ್ತೆ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ಗುಡುಗು ಮಿಂಚಿಗೆ ಆ ಬೋಳು ಬೆನ್ನಿನ ಮೇಲೆ ನೀವೇ ಎತ್ತರದ ವಸ್ತು. ಮಳೆಗಾಲ ಮುಗಿದು ಅಕ್ಟೋಬರಿನಿಂದ ಫೆಬ್ರವರಿ ಒಳ್ಳೇದು.

ಪರವಾನಗಿ ವಿಷಯ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಕಡಿವಾಣ ಹಾಕಿ ಆನ್‌ಲೈನ್ ಬುಕಿಂಗ್ ತಂದಿತು. 2025ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ಗಿರಿಗೆ ಹೋಗೋ ವಾಹನಗಳಿಗೂ ಮುಂಗಡ ನೋಂದಣಿ ಬಂತು. ನಿಯಮ ಬದಲಾಗ್ತಾ ಇರುತ್ತೆ, ಹೊರಡೋ ವಾರವೇ ವಿಚಾರಿಸಿ. ಕಳ್ಳದಾರಿ ಹಿಡಿಯಬೇಡಿ. ದಾರಿ ತಪ್ಪಿದರೆ ಹುಡುಕೋಕೆ ಬರೋರಿಗೆ ನೀವು ಹೋಗಿದ್ದೀರಿ ಅನ್ನೋದೇ ಗೊತ್ತಿರೋದಿಲ್ಲ.

ನವೆಂಬರಿನ ಒಂದು ಶನಿವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತಿದೆವು. ಬೆಳಗಿನ ಜಾವ ಚಿಕ್ಕಮಗಳೂರು. (ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ 1974ರಲ್ಲಿ ಬಂತಲ್ಲ, ಅದರ ಕಳಸಾಪುರ ಇದೇ ಊರಿನ ಹತ್ತಿರ. ಅಭಿಮಾನಿಗಳು ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ, ಎರಡೂ ಒಂದೇ ದಿನ ಆಗೋದಿಲ್ಲ.) ಸರ್ಪದಾರಿಯಲ್ಲಿ ಹೆಜ್ಜೆ ಇಟ್ಟಾಗ ಏಳೂಕಾಲು. ಮುಕ್ಕಾಲು ಗಂಟೆ ಆಗಲೇ ಹೋಗಿತ್ತು. ತುದಿಯ ಗುಡಿಯಲ್ಲಿ ಕೈಮುಗಿದಾಗ ಒಂಬತ್ತೂವರೆ. ಆಮೇಲೆ ಮಂಜು ಇಳಿಯಿತು ನೋಡಿ, ಹತ್ತು ಅಡಿ ಮುಂದಿನ ಗೆಳೆಯನ ಚೀಲ ಮಾತ್ರ ಕಾಣುತ್ತೆ, ಗೆಳೆಯ ಕಾಣೋದಿಲ್ಲ! ಎರಡು ಕಡೆ ನಿಂತು ಕಾದೆವು. ಬ್ಯಾಂಕಿನವನ ಮಂಡಿ ಹಿಡಿದುಕೊಂಡಿತು.

ಬಾಬಾಬುಡನ್‌ಗಿರಿ ಮುಟ್ಟಿದಾಗ ಎಚ್‌ಎಂಟಿಯಲ್ಲಿ ಮೂರೂ ಐದು.

ಏಳು ಕಾಫಿಬೀಜ ತಂದರು ಅಂತ ಪ್ರತೀತಿ ಇರೋ ಬಾಬಾಬುಡನ್ ಅವರ ಜಾಗ ಅದು, ದತ್ತಾತ್ರೇಯರ ಪೀಠವೂ ಹೌದು. ಗುಹೆಗೆ ಎರಡೂ ಕಡೆಯ ಭಕ್ತರು ಬರ್ತಾರೆ. ನಾವು ಹೊರಗೆ ಕೂತು ಜಗಳ ಆಡಿದೆವು.

“ಮೂರೇ ಕಿಲೋಮೀಟರ್ ಮಗಾ! ಓಡಿ ಹೋಗಿ ಬರ್ತೀನಿ, ನೀವಿಲ್ಲೇ ಇರಿ.”

“ಕರಾರು ಏನು?”

“ಕರಾರು ಹಾಳಾಗಲಿ. ಮತ್ತೆ ಯಾವಾಗ ಬರೋದು? ಅಪ್ಪನಿಗೆ ಯಾರು ಹೇಳ್ತಾರೆ?”

ಯಾರೂ ಮಾತಾಡಲಿಲ್ಲ. ಮಂಜು ಒಂದು ಸಲ ಸರಿದು ಕೆರೆಯ ಕಡೆಯ ದಾರಿ ಸ್ವಲ್ಪ ದೂರ ಬೆಳ್ಳಗೆ ಕಂಡಿತು, ಮತ್ತೆ ಮುಚ್ಚಿಕೊಂಡಿತು. ಅವನು ಎದ್ದು ಇಪ್ಪತ್ತು ಹೆಜ್ಜೆ ಹೋದ. ನಿಂತ. ಗಡಿಯಾರ ನೋಡಿಕೊಂಡ. ವಾಪಸ್ ಬಂದು ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದ. ಹಾಸನ ದಾಟೋವರೆಗೂ ನಮ್ಮ ಜೊತೆ ಒಂದು ಮಾತಾಡಲಿಲ್ಲ.

ಮನೆಯಲ್ಲಿ ನಡೆದದ್ದನ್ನೆಲ್ಲಾ ತಂದೆಗೆ ಅವನೇ ಹೇಳಿದ, ಆ ಇಪ್ಪತ್ತು ಹೆಜ್ಜೆಯನ್ನೂ ಸೇರಿಸಿ. ಅವರು ಗಡಿಯಾರ ವಾಪಸ್ ಕೇಳಲಿಲ್ಲ.

ಜನವರಿಯಲ್ಲಿ ಮತ್ತೆ ಹೋದೆವು. ಈ ಸಲ ಹಿಂದಿನ ದಿನವೇ ಚಿಕ್ಕಮಗಳೂರಿನಲ್ಲಿ ಉಳಿದು, ಜೀಪು ಮಾತಾಡಿಕೊಂಡು ಆರೂ ಹತ್ತಕ್ಕೆ ಸರ್ಪದಾರಿ. ಆಕಾಶ ತೊಳೆದಿಟ್ಟ ಹಾಗಿತ್ತು. ಒಂದೂ ಮುಕ್ಕಾಲಿಗೆ ಬಾಬಾಬುಡನ್‌ಗಿರಿ, ಎರಡೂ ಮುಕ್ಕಾಲಿಗೆ ಕೆರೆ. ದೊಡ್ಡದೇನಲ್ಲ. ರೀಲ್ಸಿನ ನೀಲಿಯೂ ಇಲ್ಲ. ಸುತ್ತ ಹಳದಿ ಹುಲ್ಲು, ನೀರಿನ ಮೇಲೆ ಗಾಳಿ ಗೆರೆ ಎಳೆಯುತ್ತಾ ಇತ್ತು. ಬ್ಯಾಂಕಿನವನು ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದ. ಬೆಲ್ಲ ತಿಂದೆವು. ಇಪ್ಪತ್ತೇ ನಿಮಿಷ. ಈ ಸಲ “ಹೊರಡೋಣ” ಅಂತ ಮೊದಲು ಎದ್ದವನು ಅವನೇ.

ಸಹಸ್ರತಾಲಕ್ಕೆ ಅಂಕಲ್ ಇನ್ನೂ ಹೂಂ ಅಂದಿಲ್ಲ. ಗಾಳಿಕೆರೆ ನೋಡಿದವನು ಹಿಮಾಲಯಕ್ಕೆ ಪಾಸಾದ ಅಂತಲೂ ಅಲ್ಲ. ಎರಡೂವರೆ ಸಾವಿರ ಮೀಟರ್ ದಾಟಿದರೆ ತಲೆನೋವು, ವಾಂತಿ, ಉಸಿರಿನ ತೊಂದರೆ ಯಾರಿಗೆ ಬರುತ್ತೆ ಅಂತ ಇಲ್ಲಿನ ಬೆಟ್ಟ ಹೇಳೋದಿಲ್ಲ. ಅಲ್ಲಿ ಮಲಗೋ ಎತ್ತರವನ್ನು ದಿನಕ್ಕೆ ಮುನ್ನೂರರಿಂದ ಐನೂರು ಮೀಟರಿನಂತೆ ಏರಿಸುತ್ತಾ ಹೋಗಬೇಕು. ಅವರು ಕೇಳಿರೋದು ಒಂದು ಹಾಳೆ: ಪ್ರತಿದಿನ ಎಲ್ಲಿ ಮಲಗೋದು, ಹವಾಮಾನ ಕೆಟ್ಟರೆ ಕಾಯೋಕೆ ಎಷ್ಟು ದಿನ, ಸರೋವರದ ದಿನ ಎಷ್ಟು ಗಂಟೆಗೆ ವಾಪಸ್ ತಿರುಗೋದು. ಗೆಳೆಯ ಆ ಹಾಳೆ ಬರೀತಾ ಇದ್ದಾನೆ. ಸಂಜೆ ಬ್ಯೂಗಲ್ ರಾಕ್ ಕಡೆ ಬಂದರೆ ಸಿಗ್ತಾನೆ, ಎಡಗೈಯಲ್ಲಿ ಎಚ್‌ಎಂಟಿ ಇರುತ್ತೆ.